ಕಾಸಿ ಕೊಟ್ಟ ಕೈ

ನವೆಂಬರ್ 11, ಸೋಮವಾರ. ಅಫಜಲಪುರ

ಎಡಗೈಗೆ ಮತ್ತೆ ಬಾವು ತಡೆಯುವ ಬಿಗಿ ತೋಳುಚೀಲ ಏರಿಸಿದೆ. ಕ್ಯಾನ್ಸರಿಗೆ ಎಡ ಎದೆ ತೆಗೆದು ಎರಡು ವರ್ಷ. ಇನ್ನೂ ಸಂಜೆಗೆ ಕೈ ಬಾತುಕೊಳ್ಳುತ್ತದೆ. ಭಾರ ಎತ್ತಬಾರದು, ಪೆಟ್ಟಾಗಬಾರದು. ಕವಿತೆ ಪುಸ್ತಕ ಹಿಡಿಯಬಹುದು. ಸಾಕು.

ಜೇವರ್ಗಿಯ ಹನ್ನೊಂದು ಜನರ ಸಂದರ್ಶನ ಮುಗಿಯಿತು. ಈ ಅಧ್ಯಯನ ನಡೆಸುವ ವಿಜಯಶ್ರೀ ಯೂನಿವರ್ಸಿಟಿಯಿಂದ ಫೋನ್ ಮಾಡಿದ್ದಳು. ‘ಕ್ಯಾನ್ಸರ್ ಆದವರ ಮಾತು ಕ್ಯಾನ್ಸರ್ ಆದವರೇ ಕೇಳಬೇಕ್ರಿ ಮೇಡಂ. ಅದಕ್ಕೇ ನೀವು.’ ನಿಯಮ ಮತ್ತೆ ನೆನಪಿಸಿದಳು: ರೆಕಾರ್ಡ್ ಮಾಡುವುದು, ಬರೆಯುವುದು, ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸುವುದು. ಅವರು ಒಪ್ಪಿದರೆ ಮಾತ್ರ ಕಳಿಸುವುದು.

ಮೊದಲ ಸಂದರ್ಶನ ನನ್ನದೇ. ವಿಜಯಶ್ರೀ ಬರೆದು ತೋರಿಸಿದಾಗ ಮೂರು ವಾಕ್ಯ ಹೊಡೆದುಹಾಕಿದೆ. ಓದು ಬಲ್ಲವಳು... ಹೊಡೆದುಹಾಕಲು ಗೊತ್ತು.

ನವೆಂಬರ್ 13, ಬುಧವಾರ

ಕರಜಗಿ. ತುಳಜಾಬಾಯಿ, ವಯಸ್ಸು ನಲವತ್ತೆರಡಂತೆ. ಬಲ ಎದೆಯ ಗಂಟು ಒಡೆದಿದೆ, ಬಟ್ಟೆ ಸುತ್ತಿಕೊಂಡಿದ್ದಾಳೆ. ಡಿಸೆಂಬರ್ ಎರಡಕ್ಕೆ ಕಲಬುರಗಿಯಲ್ಲಿ ಮೊದಲ ಕಿಮೊ. ಗಂಡ ಚಂದಪ್ಪ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ.

‘ನಿಮಗೂ ಆಗಿತ್ತೇನ್ರಿ ಅಕ್ಕೋರೆ?’

‘ಹೌದು. ಎಡಕ್ಕ. ತಗದಾರ.’

‘ನಂದು ಬಲಕ್ಕ. ಇಬ್ಬರೂ ಕೂಡಿದ್ರ ಒಬ್ಬಾಕಿ ಪೂರಾ ಆಗ್ತೀವಿ ತಗೋರಿ!’

ನಗುನಗುತ್ತಲೇ ಹೇಳಿದಳು. ‘ಕಾಮಣಿ ಬ್ಯಾನಿಗೆ ಕಬ್ಬಿಣ ಕಾಸಿ ಬರಿ ಕೊಡ್ತಾರಲ್ರಿ, ಗಂಟಿಗೂ ಕೊಟ್ರ ಕರಗ್ತದ ಅಂದ್ರು ಮಂದಿ. ಕುಡಗೋಲ ಒಲ್ಯಾಗ ನಾನೇ ಕಾಸಿದೆ. ನಾನೇ ನಮ್ಮ ಮನಿಯವರ ಕೈಯಾಗ ಕೊಟ್ಟೆ. ಒಲ್ಲೆ ಅಂದ್ರು. ಕೈ ಗಡಗಡ ನಡುಗಾಕತ್ತಿತ್ತು. ಗಂಡಸಾಗಿ ಅಂಜ್ತೀರೇನು ಅಂದೆ. ಚುರ್ ಅಂತು. ಮಾಂಸ ಸುಟ್ಟ ವಾಸನಿಗೆ ನಾಯಿ ಬಂದು ಬಾಗಿಲದಾಗ ನಿಂತಿತ್ತು ನೋಡ್ರಿ.’

‘ಹೊಡೀತಾರೇನು?’

‘ಎಲ್ಲಾರ ಮನ್ಯಾಗ ಹೊಡ್ಯೂ ಹಂಗ.’

ನವೆಂಬರ್ 17, ಭಾನುವಾರ

ತುಳಜಾಬಾಯಿಯದು ಬರೆದೆ. ಅವಳೇ ಕಾಸಿದ್ದು, ಅವಳೇ ಕೊಟ್ಟದ್ದು, ಅವನ ಕೈ ನಡುಗಿದ್ದು ಬಿಟ್ಟೆ. ಓದಿದವರು ಅವಳನ್ನೇ ದೂರಬಾರದು ಎಂದು.

ನಿಜ ಹೇಳಬೇಕೆಂದರೆ, ಸಾಲು ಚೆನ್ನಾಗಿ ಬಂತು. ‘ಕೆಂಪಗೆ ಕಾದ ಕುಡಗೋಲನ್ನು ಗಂಡ ಎದೆಗೆ ಒತ್ತಿದ.’ ಪಕ್ಕದಲ್ಲಿ ಇನ್ನೇನಿಟ್ಟರೂ ಸಡಿಲವಾಗುತ್ತಿತ್ತು.

ನವೆಂಬರ್ 28, ಗುರುವಾರ. ಸಂಜೆ 6. ಕಲಬುರಗಿ, ಆಸ್ಪತ್ರೆ

ಎಡಗೈ ಬಾತು ಕುಂಬಳದಂತಾಗಿದೆ. ಆದರೂ ಬರೆಯಬೇಕು.

ಇವತ್ತು ಕರಜಗಿಗೆ, ತುಳಜಾಬಾಯಿಗೆ ಓದಿ ತೋರಿಸಲು ಹೋಗಿದ್ದೆ. ಅವಳಿಗೆ ಓದು ಬಾರದು, ಗಟ್ಟಿಯಾಗಿ ಓದಬೇಕು. ವೇದಿಕೆಯಲ್ಲಿ ಕವಿತೆ ಓದಿ ಓದಿ ಪಳಗಿದ ದನಿ ನನ್ನದು, ಅಂಗಳಕ್ಕೆಲ್ಲ ಕೇಳುವಂಥದು. ಮಾಳಿಗೆಯ ಮೇಲೆ ಚಂದಪ್ಪ ಬಾರುಕೋಲಿನಿಂದ ಮೆಣಸಿನಕಾಯಿ ಹರವುತ್ತಿದ್ದ. ನಾನು ನೋಡಿರಲಿಲ್ಲ.

ಆ ಸಾಲಿಗೆ ಬಂದಾಗ ತುಳಜಾಬಾಯಿ ಕೈ ಎತ್ತಿದಳು. ‘ನಿಲ್ಲರಿ, ಅದು ಹಂಗಲ್ಲ...’

ಸಾಲಿನ ನಡುವೆ ನಿಲ್ಲುವ ರೂಢಿ ನನಗಿಲ್ಲ. ಮುಗಿಸಿದೆ.

ಚಂದಪ್ಪ ಬಾರುಕೋಲು ಹಿಡಿದೇ ಇಳಿದ. ‘ನಾ ಒಬ್ಬನೇ ಸುಟ್ಟೇನೇನು? ಕಾಸಿ ಕೊಟ್ಟಾಕಿ ಯಾರ ಬೇ? ಮಂದಿ ಮುಂದ ನನ್ನ ಕಟುಕ ಮಾಡಿದ್ಯಾ?’

‘ಎಲ್ಲಾ ಹೇಳೀನ್ರಿ. ಅದನ್ನೂ ಹೇಳೀನಿ...’

ನನ್ನ ಮುಖ ನೋಡಿದಳು. ನಾನು ಹಾಳೆ ನೋಡುತ್ತಿದ್ದೆ.

ಮೊದಲ ಪೆಟ್ಟು ಬಲ ಮೊಣಕೈಗೆ. ಕಬ್ಬು ಮುರಿದ ಸಪ್ಪಳ. ಎರಡನೆಯದು ಎದೆಗೆ, ಗಂಟಿನ ಮೇಲೇ. ಸುತ್ತಿದ ಬಟ್ಟೆ ಒಮ್ಮೆಗೇ ಕೆಂಪು. ಕೂದಲು ಹಿಡಿದು ಎಳೆದು ತಲೆಯನ್ನು ಒರಳಿಗೆ ಅಪ್ಪಳಿಸಿದ. ಅವಳು ಚೀರಲಿಲ್ಲ. ಉಸಿರು ಮಾತ್ರ, ಹ್ಹಾ, ಹ್ಹಾ...

ಗೋಡೆಗೆ ಒರಗಿಸಿದ ಒನಕೆ ಇತ್ತು. ಎರಡೂ ಕೈಯಲ್ಲಿ ಎತ್ತಿದೆ. ಅವನ ಮೊಣಕಾಲಿಗೆ ಹಾಕಿದೆ, ಬಿದ್ದ. ಭುಜಕ್ಕೆ ಹಾಕಿದೆ. ಮೂರನೆಯದು ತಲೆಗೆ ಎತ್ತಿದ್ದೆ. ನನ್ನನ್ನು ಕರೆತಂದಿದ್ದ ಆಟೋದ ಲಾಡ್ಲೆಸಾಬ ಓಡಿಬಂದು ಒನಕೆ ಹಿಡಿದುಕೊಂಡ.

‘ಸಾಕ್ರಿ ಅಕ್ಕೋರೆ! ಸಾಯ್ತಾನ!’

‘ಸಾಯಲಿ!’

ಆ ದನಿಯೂ ಅಂಗಳಕ್ಕೆಲ್ಲ ಕೇಳಿರಬೇಕು.

ಡಿಸೆಂಬರ್ 2, ಸೋಮವಾರ

ಇವತ್ತು ತುಳಜಾಬಾಯಿಗೆ ಕಿಮೊ ಆಗಬೇಕಿತ್ತು. ಕೈಗೆ ಪ್ಲಾಸ್ಟರ್, ಎದೆಯ ಗಾಯಕ್ಕೆ ಕೀವು, ಮೈಯೆಲ್ಲ ಕಾದ ಹಂಚು. ಜ್ವರ ಇಳಿಯದೆ ಔಷಧ ಕೊಡುವುದಿಲ್ಲ ಎಂದರು ಡಾಕ್ಟರ್.

ಪೊಲೀಸಿನವರು ಬಂದಿದ್ದರು. ನಾನು ಒನಕೆಯ ಮಾತೂ ಹೇಳಿದೆ. ತುಳಜಾಬಾಯಿ ಗೋಡೆಗೆ ಮುಖ ಮಾಡಿ ಮಲಗಿದಳು. ದೂರಿಗೆ ಹೆಬ್ಬೆಟ್ಟು ಒತ್ತಲಿಲ್ಲ.

ಡಿಸೆಂಬರ್ 4, ಬುಧವಾರ

ಜ್ವರ ಇಳಿದಿದೆ. ನಾಳೆ ಮಧ್ಯಾಹ್ನ ಕಿಮೊ. ಎರಡು ದಿನ ಬಿಟ್ಟು ಮನೆಗೆ ಕಳಿಸುತ್ತಾರೆ. ಕೇಸಾಗದಿದ್ದರೆ ಅದೇ ಅಂಗಳ, ಅದೇ ಒರಳು. ದೂರು ಕೊಡು ಎಂದು ಕೈ ಮುಗಿದು ಕೇಳಿದೆ.

‘ಪೊಲೀಸ್ನವರೂ ಬರಕೊಂಡು ಓದಿ ಹೇಳ್ತಾರ. ಅದರಾಗೂ ನನ್ನ ಮಾತು ಅರ್ಧಾನೇ ಇರ್ತದ. ಮೊದಲ ನಿಮ್ಮದು ಸರಿ ಮಾಡ್ರಿ.’

‘ನೀನೇ ಕಾಸಿದಿ ಅಂತ ಬರದ್ರ ಅವನಿಗೇ ಅನುಕೂಲ ಆಗ್ತದ, ತುಳಜಾಬಾಯಿ.’

‘ಆಗ್ಲಿ ಬಿಡ್ರಿ. ಬದುಕಬೇಕಂತ ಕಾಸೀನಿ. ಅದು ನಂದು. ಹೊಡದದ್ದು ಅವಂದು. ಎರಡೂ ಬರೀರಿ. ಒನಕಿ ನಿಮ್ಮದು. ಅದೂ ಇರಲಿ.’

ನಕ್ಕಳು. ನೋವಿಗೆ ತುಟಿ ಕಚ್ಚಿಕೊಂಡಳು.

‘ಬರದು ಓದ್ರಿ. ನಾ ನಿಲ್ಲು ಅಂದಲ್ಲಿ ನಿಲ್ಲಬೇಕು. ಆಮ್ಯಾಲ ಹೆಬ್ಬೆಟ್ಟು ಕೊಡ್ತೇನಿ.’

ಡಿಸೆಂಬರ್ 5, ಗುರುವಾರ. ಬೆಳಿಗ್ಗೆ 10

ರೆಕಾರ್ಡರ್ ಕಿವಿಗಿಟ್ಟುಕೊಂಡು ಹೊಸದಾಗಿ ಬರೆದೆ. ಒಂದು ಪದವನ್ನೂ ಬಿಟ್ಟಿಲ್ಲ. ಕೊನೆಗೆ ಅಂಗಳದಲ್ಲಿ ನಡೆದದ್ದನ್ನೂ ಸೇರಿಸಿದೆ.

ವಾರ್ಡಿನಲ್ಲಿ ಆರು ಹಾಸಿಗೆ. ಸಣ್ಣ ದನಿಯಲ್ಲಿ ಶುರು ಮಾಡಿದೆ. ‘ಜೋರಲೆ ಓದ್ರಿ. ಮಂದಿ ಕೇಳಲಿ.’ ಓದಿದೆ. ಒಲೆ, ಕುಡಗೋಲು, ನಡುಗಿದ ಕೈ, ಬಾಗಿಲಲ್ಲಿ ನಿಂತ ನಾಯಿ. ತಲೆಯಾಡಿಸುತ್ತ ಹೋದಳು. ಬಾರುಕೋಲು ಹಿಡಿದು ಅವನು ಇಳಿದಲ್ಲಿಗೆ ಬಂದೆ. ಎಡಗೈ ಎತ್ತಿದಳು.

ನಿಂತೆ. ವಾಕ್ಯದ ನಡುವೆಯೇ.

‘ಅವತ್ತು ನಾ ನಿಮ್ಮ ಮುಖ ನೋಡಿದೆ. “ಆಕಿ ಹೇಳಿದ್ಳು, ನಾನೇ ಬಿಟ್ಟೀನಿ” — ಇಷ್ಟು ನೀವು ಅಂದಿದ್ರ ಅವ ಕೋಲ ಕೆಳಗ ಇಡ್ತಿದ್ನೋ ಇಲ್ಲೋ, ಗೊತ್ತಿಲ್ಲ. ಆದ್ರ ನೀವು ಅನಲಿಲ್ಲ. ಯಾಕಂತ ಬರೀರಿ.’

ಪೊಲೀಸಿನವನು ದೂರಿನ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಅವಳು ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಹಾಸಿಗೆಗೆ ತಾಗದಂತೆ ಕೈ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ಸಂದರ್ಶನದ ಹಾಳೆಯ ಮೇಲೆ ಬರೆಯುವ ಮೊದಲು ಈ ಡೈರಿಯಲ್ಲಿ ಬರೆದು ನೋಡುತ್ತೇನೆ, ಹೊಡೆದುಹಾಕದೆ.

ಆಗ ನಾನು ಸುಮ್ಮನಿದ್ದೆ, ಏಕೆಂದರೆ ಚೆನ್ನಾಗಿ ಬಂದ ಆ ಸಾಲನ್ನು —