ಸರಿ ಉತ್ತರ

ಆಗಸ್ಟ್ 4, ಸೋಮವಾರ

ಬೆಳಗಿನ ಪ್ರಾಕ್ಟೀಸ್. ಎರಡು ಬಾಲ್ ಠುಸ್. ಪಂಪಿನ ಸೂಜಿ ಮತ್ತೆ ನಾಪತ್ತೆ. ಸೀಟಿ ಊದಿ ಊದಿ ಗಂಟಲು ಒಣಗಿತ್ತು, ಅಷ್ಟರಲ್ಲಿ ಹೆಡ್ಮಿಸ್ ಕರೆ. 'ಪರಸ್ಪರ ಗೌರವ' ಅಂತ ಒಂದು ತರಗತಿ ಮಾಡಬೇಕಂತೆ, ಮೇಲಿನಿಂದ ಆದೇಶ. ಯಾರ ತಲೆಗೆ? ಪಿ.ಟಿ. ಮಿಸ್ ತಲೆಗೆ. ಇನ್ಯಾರು!

"ಹತ್ತನೇ ಕ್ಲಾಸ್ ಹುಡುಗೀರ್ನ ಕೂರಿಸಿ, ಹುಷಾರಾಗಿರಿ ಅಂತ ನಾಲ್ಕು ಮಾತು ಹೇಳಿ. ಹುಡುಗ್ರು ಅಷ್ಟೊತ್ತು ಆಟ ಆಡ್ಕೊಳ್ಳಲಿ."

"ಮೇಡಂ, ಹೊಡೆಯೋರಿಗೆ ಆಟ, ಹೊಡೆಸ್ಕೊಳ್ಳೋರಿಗೆ ಪಾಠಾನಾ?"

ಮುಖ ಹುಳಿ ಮಾಡಿಕೊಂಡರು. "ಎಲ್ಲರನ್ನೂ ಸೇರಿಸಿ ಏನಾದ್ರೂ ಮಾಡ್ಕೊಳ್ಳಿ. ಫೋಟೋ ಚೆನ್ನಾಗಿ ಬರ್ಬೇಕು."

ಫೋಟೋ ಅಂತೆ ಫೋಟೋ. ಥೂ.

ಆಗಸ್ಟ್ 6, ಸಂಜೆ

ಭಾಷಣ ಬೇಡ. ಭಾಷಣಕ್ಕೆ ಅವರು ಆಕಳಿಸುತ್ತಾರೆ. ಬಾಸ್ಕೆಟ್‌ಬಾಲ್ ಕೋರ್ಟಿನ ನಡುಗೆರೆಯ ಮೇಲೆ ಎಲ್ಲರನ್ನೂ ನಿಲ್ಲಿಸುವುದು. ನಾನೊಂದು ಮಾತು ಹೇಳುವುದು — 'ಪ್ರೀತಿಸುವವನು ಅವಳ ಫೋನ್ ನೋಡಬಹುದು', ಅಂಥದ್ದು. ಸರಿ ಅನ್ನುವವರು ಬಲಕ್ಕೆ, ತಪ್ಪು ಅನ್ನುವವರು ಎಡಕ್ಕೆ. ಆಮೇಲೆ ಯಾಕೆ ಅಂತ ಜಗಳ ಹಚ್ಚುವುದು. ಬಾಯಿ ಸುಳ್ಳಾಡಬಹುದು, ಕಾಲು ಆಡಲ್ಲ.

ಪುಟ್ಟ ಪಕ್ಕದಲ್ಲೇ ಕೂತು ಪ್ರಶ್ನೆಗಳನ್ನೆಲ್ಲ ಟೈಪ್ ಮಾಡಿಕೊಟ್ಟ. ಅಕ್ಕನ ಮಗ, ಅದೇ ಹತ್ತನೇ ಕ್ಲಾಸು. ಅಕ್ಕ ಗಂಡನನ್ನು ಬಿಟ್ಟು ನನ್ನ ಮನೆಗೆ ಬಂದಾಗ ನನ್ನ ಸೊಂಟದೆತ್ತರ ಇದ್ದ. ಈಗ ನಾನೇ ಕತ್ತೆತ್ತಿ ನೋಡಬೇಕು. "ಚಿಕ್ಕಮ್ಮ, ಸೂಪರ್ ಪ್ರಶ್ನೆ ಇದು" ಅಂದ. ಹೆಮ್ಮೆಯಾಯಿತು. ಎಂಥಾ ಹುಡುಗನನ್ನು ಬೆಳೆಸಿದ್ದೀವಿ ಅಂತ.

ಆಗಸ್ಟ್ 8

ತರಗತಿ ಆಯಿತು. ಹೆಡ್ಮಿಸ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

ಮೊದಲೆರಡು ಪ್ರಶ್ನೆಗೆ ಕಿಸಿಕಿಸಿ ನಗು, ತಳ್ಳಾಟ. 'ಕೋಪ ಬಂದಾಗ ಕೈ ಹಿಡಿದು ಎಳೆಯುವುದು ಪ್ರೀತಿಯ ಹಕ್ಕು' ಅಂದೆ. ಅರ್ಧ ಕ್ಲಾಸು ಬಲಕ್ಕೆ ಹೋಗಿ ನಿಂತಿತು. ಹುಡುಗಿಯರೂ! ಪುಟ್ಟ ಮಾತ್ರ ಪ್ರತಿ ಸಲವೂ ಎಡಕ್ಕೆ. ತಪ್ಪು ಮಾತಿಗೆ ತಪ್ಪು ಅಂತ. ಯಾಕೆ ಅಂತ ಕೇಳಿದರೆ ಅಚ್ಚುಕಟ್ಟಾಗಿ ಹೇಳಿದ. ಉಳಿದವರೂ ಒಬ್ಬೊಬ್ಬರೇ ಅವನ ಕಡೆಗೆ ಸರಿದರು. "ಎಲ್ಲಾ ಒಂದೇ ಕಡೆ ಬಂದ್ರು, ತೆಗೀರಿ ತೆಗೀರಿ" ಅಂತ ಹೆಡ್ಮಿಸ್ ಫೋಟೋ ತೆಗೆಸಿದರು.

ಆದರೆ ಲೆಫ್ಟಿ. ನಮ್ಮ ಟೀಮಿನ ಎಡಗೈ ಹುಡುಗಿ, ಕೋರ್ಟಿನಲ್ಲಿ ಯಾರಿಗೂ ಜಗ್ಗದವಳು. ನಾನು ಪ್ರಶ್ನೆ ಹೇಳಿದ ಕೂಡಲೇ ಅವಳು ಪುಟ್ಟನನ್ನು ನೋಡುತ್ತಿದ್ದಳು. ಅವನು ಗದ್ದ ಅಲ್ಲಾಡಿಸುತ್ತಿದ್ದ, ಇಷ್ಟೇ ಇಷ್ಟು. ಆಮೇಲೆ ಅವಳು ಕಾಲೆತ್ತುತ್ತಿದ್ದಳು. ಪ್ರತಿ ಸಲ.

ಮೊಣಕೈ ಮೇಲೆ ನೀಲಿ ಗುರುತು. ಕೇಳಿದ್ದಕ್ಕೆ "ಬಾಲ್ ಬಡೀತು ಮಿಸ್" ಅಂದಳು. ಬಾಲಿಗೆ ಯಾವಾಗ ಬೆರಳು ಬಂತು?

ಆಗಸ್ಟ್ 9

ಸ್ಟೋರ್ ರೂಮಿನಲ್ಲಿ ಮ್ಯಾಟ್ ಮಡಿಸುವ ನೆಪ ಮಾಡಿ ಲೆಫ್ಟಿಯನ್ನು ಉಳಿಸಿಕೊಂಡೆ. ಒಂದೇ ಮ್ಯಾಟನ್ನು ಎರಡು ಸಲ ಬಿಚ್ಚಿ ಮಡಿಸಿದಳು. ಆಮೇಲೆ...

"ಉತ್ತರ ಎಲ್ಲಾ ಮೊದ್ಲೇ ಹೇಳ್ಕೊಟ್ಟಿದ್ದ ಮಿಸ್. ತಪ್ಪಾದ್ರೆ ಅವ್ನ ಮರ್ಯಾದೆ ಹೋಗುತ್ತಂತೆ."

"ಫೋನ್ ನೋಡ್ತಾನಾ?"

"ಪಾಸ್‌ವರ್ಡ್ ಹಾಕಿದ್ದೇ ಅವ್ನು."

"ಕೈ ಹಿಡಿದು ಎಳೆದಿದ್ದೂ ಅವನೇನಾ?"

ಹೌದು ಅಂತ ತಲೆಯಾಡಿಸಿದಳು. "ನನಗ್ಯಾಕೆ ಹೇಳಲಿಲ್ಲ ಮರಿ?" ಅಂದೆ. ಅವಳಿಗೆ ನಿಜಕ್ಕೂ ಆಶ್ಚರ್ಯ. "ನಿಮ್ಮನೇಲೇ ಇರೋದಲ್ವಾ ಮಿಸ್ ಅವ್ನು? ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಮನೆಗೆ ಬಂದು ಊಟ ಸೇರಲಿಲ್ಲ. ಎದುರಿಗೆ ಅವನು ಬಾಯಿ ತುಂಬ ತುರುಕಿಕೊಂಡು ಉಣ್ಣುತ್ತಿದ್ದ.

ಆಗಸ್ಟ್ 10

ಅಕ್ಕನ ಎದುರೇ ಅವನನ್ನು ಕೇಳಿದೆ. ನಕ್ಕ! "ಎಲ್ಲಾ ಕರೆಕ್ಟಾಗಿ ಹೇಳಿದ್ನಲ್ಲ ಚಿಕ್ಕಮ್ಮ, ಇನ್ನೇನ್ ಬೇಕು?"

ಅಕ್ಕ ನನ್ನ ಮೇಲೇ ತಿರುಗಿಬಿದ್ದಳು. "ಆ ಹುಡುಗಿ ಏನೋ ಅಂದ್ರೆ ನಂಬಿಬಿಡೋದಾ? ಇವ್ನು ಅವರಪ್ಪನ ಥರ ಅಲ್ಲ ಕಣೇ. ನನ್ನ ಮಗ ಇವ್ನು. ನಿಂಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು."

ಅದನ್ನೂ ಅಂದಳು.

ಆಗಸ್ಟ್ 18

ಇಷ್ಟು ದಿನ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಅಕ್ಕ ಮಾತು ಬಿಟ್ಟಿದ್ದಾಳೆ. ಹೆಡ್ಮಿಸ್‌ಗೆ ಎಲ್ಲಾ ಹೇಳಿದೆ, ನನ್ನ ಮನೆಯ ಹುಡುಗ ಅಂತಲೂ ಹೇಳಿದೆ. ಅವರ ಪರಿಹಾರ? "ಆ ಹುಡುಗೀನ ಬೇರೆ ಸೆಕ್ಷನ್‌ಗೆ ಹಾಕೋಣ. ಇವನ ಫೋಟೋ ಬೋರ್ಡಿಗೆ ಹಾಕಿ ಆಗಿದೆ, ಈಗ ತೆಗೆದ್ರೆ ನಾಲ್ಕು ಜನ ಕೇಳ್ತಾರೆ." ಬೋರ್ಡಿನಲ್ಲಿ ಹಲ್ಲು ಕಿರಿಯುತ್ತಿದ್ದಾನೆ, ಕೆಳಗೆ 'ಗೌರವದ ರಾಯಭಾರಿ'. ಅಸಹ್ಯ. ನಾನೇ ಕಿತ್ತು ಹಾಕಿದೆ. ಕೇಳಲಿ.

ಲೆಫ್ಟಿಯ ಅಮ್ಮನಿಗೆ ಹೇಳಿಕಳಿಸಿದ್ದೇನೆ, ನಾಳೆ ಹತ್ತಕ್ಕೆ ಶಾಲೆಗೆ ಬರುತ್ತಾರೆ. ಸಂಜೆ ಲೆಫ್ಟಿ ತನ್ನ ಫೋನ್ ತಂದು ಕೈಗಿಟ್ಟಳು. "ಇವತ್ತೊಂದಿನ ನಿಮ್ಮ ಹತ್ರ ಇರ್ಲಿ ಮಿಸ್. ಅವ್ನ ಕಾಲ್ ಕಾಟಕ್ಕೆ ನಂಗೆ ಓದೋಕಾಗ್ತಿಲ್ಲ."

ಅದೇ ದಿನ, ಸಂಜೆ ಏಳೂವರೆ

ಪುಟ್ಟ ಟ್ಯೂಷನ್‌ಗೆ ಹೋಗಿದ್ದ. ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ಬೆನ್ನು ನನ್ನ ಕಡೆಗೆ. ಲೆಫ್ಟಿಯ ಫೋನ್ ಬಡಿದುಕೊಂಡಿತು. ಎತ್ತಿದೆ. ಪುಟ್ಟನ ದನಿ, ಹಲೋ ಕೂಡ ಅನ್ನಲಿಲ್ಲ.

"ಎಲ್ ಸತ್ತಿದ್ಯೇ? ಎಷ್ಟು ಸಲ ಮಾಡ್ಬೇಕು ನಿಂಗೆ? ನಾಳೆ ಸಿಕ್ಕು, ಆ ಎಡಗೈ ಮುರಿದು ಕೈಗೆ ಕೊಡ್ತೀನಿ..."

ಮುಂದಿನದನ್ನು ಬರೆಯಲಾರೆ. ನನ್ನ ಮನೆಯಲ್ಲಿ ಉಂಡ ಬಾಯಿ.

ಫೋನನ್ನು ಅಕ್ಕನ ಕಿವಿಗೆ ಹಿಡಿದೆ. ಕೊಸರಿಕೊಳ್ಳಲು ನೋಡಿದಳು. ಆಮೇಲೆ ಒದ್ದೆ ಕೈಯಲ್ಲೇ ಫೋನ್ ಇಸಿದುಕೊಂಡು ಪೂರ್ತಿ ಕೇಳಿದಳು. ನಲ್ಲಿ ಸುರಿಯುತ್ತಲೇ ಇತ್ತು.

"ನಾನು ಕಣೋ. ಅಮ್ಮ" ಅಂದಳು.

ಆ ಕಡೆಯಿಂದ ಕಾಲ್ ಕಟ್ಟಾಯಿತು. ಅಕ್ಕ ಫೋನ್ ಇಟ್ಟು ಅಲ್ಲೇ ನೆಲದ ಮೇಲೆ ಕುಸಿದಳು. "ಥೇಟ್ ಅವರಪ್ಪಾನೇ ಕಣೇ" ಅಂದಳು. "ನಾಳೆ ಆ ಮಗು ಅಮ್ಮನ ಹತ್ರ ನಾನೂ ಬರ್ತೀನಿ."

ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಗೇಟಿನ ಸದ್ದು. ಅವನೇ. ಏಳಲು ಹೋದೆ, ಅಕ್ಕ ನನ್ನ ಭುಜ ಒತ್ತಿ ಕೂರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ತಾನೇ ಬಾಗಿಲಿಗೆ ನಡೆದಳು.