ಕುರಿಗೆ ತಂದ ಉಪ್ಪು

ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ಸಾರಿಗೆ ಉಪ್ಪು ಹಾಕಲಿಲ್ಲ. ಕೈ ತಾನಾಗಿ ಡಬ್ಬಿಗೆ ಹೋಯಿತು, ಹಿಂದಕ್ಕೆ ತೆಗೆದೆ. ಈರೇಶ ಮುದ್ದೆ ಮುರಿದು ಅದ್ದಿದ. "ಅವ್ವಾ, ಇದನ್ನ ಕರಿಯಂಗೆ ಹಾಕಿದ್ರೆ ಅದೂ ಹಟ್ಟಿ ಬುಟ್ಟು ಹೋಯ್ತದೆ" ಅಂದ. ಕರಿಯ ನಮ್ಮ ಕುರಿ ಕಾಯೋ ನಾಯಿ. ನನಗೆ ನಗು ಬರಲಿಲ್ಲ.

ಅವನಪ್ಪ ಹೋಗಿ ನಾಲ್ಕು ತಿಂಗಳು. ಬಿ.ಪಿ. ಏರಿ ತಲೆಯೊಳಗೆ ನರ ಒಡೆಯಿತು. ಮಣ್ಣು ಮಾಡುವಾಗ ಗುಂಡಿಗೂ ಉಪ್ಪು ಸುರಿದೆವು. ಈಗ ಮಗನಿಗೆ 170. ಇನ್ನೂ ಇಪ್ಪತ್ತಾರು ವರ್ಷ.

ಫೆಬ್ರವರಿ 5

ಪಕ್ಕದ ಮನೆ ಪುಟ್ಟಗಂಗಮ್ಮ ಬಂದಿದ್ದಳು. "ಎಪ್ಪತ್ತಾಯ್ತು, ದಿನಾ ಉಪ್ಪಿನಕಾಯಿ ನೆಕ್ತೀನಿ. ನಂಗೇನಾಗೈತೆ? ಸಪ್ಪೆ ತಿನ್ಸಿ ಹುಡುಗನ್ನ ಸಾಯಿಸ್ತೀಯ ಕಣೇ ನಾಗಕ್ಕ." ಅಂದವಳೇ ನಾಲಿಗೆ ಕಚ್ಚಿಕೊಂಡಳು. ರಾತ್ರಿಯೆಲ್ಲ ಅದೇ ಮಾತು ಕಿವಿಯಲ್ಲಿ...

ಫೆಬ್ರವರಿ 12

ಚಿಕ್ಕನಾಯಕನಹಳ್ಳಿ ಆಸ್ಪತ್ರೆಗೆ ಹೋಗಿ ಬಂದೆವು. 140! ಪುಟ್ಟಗಂಗಮ್ಮನ ಮಾತು ಡಾಕ್ಟರ್ ಮೇಡಂಗೆ ಹೇಳಿದೆ.

"ಎಲ್ಲರ ಮೈ ಒಂದೇ ಅಲ್ಲ ಕಣಮ್ಮ. ಕೆಲವರಿಗೆ ಉಪ್ಪು ಹೆಚ್ಚಾದ್ರೆ, ರೋಗದ ಮೇಲೆ ಹೋಗಬೇಕಾದ ಬಿಳಿ ರಕ್ತಕಣಗಳು ಕಿಡ್ನಿಗೆ ನುಗ್ತವೆ. ಅಲ್ಲಿ ಉರಿಯೂತ ಆಗುತ್ತೆ. ಆಗ ಕಿಡ್ನಿ ಉಪ್ಪನ್ನ ಸರಿಯಾಗಿ ಹೊರಗೆ ಹಾಕಲ್ಲ, ಬಿ.ಪಿ. ಏರುತ್ತೆ. ಇದರ ಸಂಶೋಧನೆ ಇನ್ನೂ ನಡೀತಿದೆ."

ಕಾಯೋದೇ ತಿರುಗಿ ಕಚ್ಚೋದು. ಮನೆಗೆ ಬಂದಾಗ ಕರಿಯ ಬಾಲ ಆಡಿಸಿತು. ಮುಟ್ಟಲು ಹೆದರಿಕೆಯಾಯಿತು.

ಫೆಬ್ರವರಿ 17

ಹುಳಿಯಾರು ಸಂತೆ. ರಾಗಿ, ಮೆಣಸಿನಕಾಯಿ, ಕುರಿಗೆ ಒಂದು ಚೀಲ ಕಲ್ಲುಪ್ಪು. ಕುರಿ ಉಪ್ಪು ಮುಗಿದು ಮೂರು ವಾರವಾಗಿತ್ತು.

ಮಾರ್ಚ್ 5

180. ಮಾತ್ರೆ ತಪ್ಪಿಸಿಲ್ಲ. "ಅಡುಗೆ ಯಾರಮ್ಮ ಮಾಡೋದು?" ಅಂದರು ಮೇಡಂ. ನಾನೇ ಅಂದೆ. ತಲೆ ಎತ್ತಲಾಗಲಿಲ್ಲ.

ಮಾರ್ಚ್ 6, ಬೆಳಿಗ್ಗೆ

ಕಂಡುಬಿಟ್ಟೆ. ಕುರಿ ಬಿಡುವಾಗ ಈರೇಶ ಉಪ್ಪಿನ ಚೀಲಕ್ಕೆ ಕೈ ಹಾಕಿದ. ಒಂದು ಹಿಡಿ ಜೇಬಿಗೆ, ಒಂದು ಹರಳು ದವಡೆಗೆ. ಆಮೇಲೆ ಕುರಿಗಳಿಗೆ ಕೂಗು ಹಾಕಿದ. ಅವನಪ್ಪನ ಹಾಗೇ.

"ಉಗಿಯೋ ಅದನ್ನ!"

"ಅಪ್ಪ ಹಿಂಗೇ ಕರೀತಿದ್ನಲ್ಲವ್ವಾ. ಬಾಯಲ್ಲಿ ಉಪ್ಪಿಲ್ದೆ ಕೂಗಿದ್ರೆ ಒಂದೂ ತಿರುಗಿ ನೋಡಲ್ಲ. ಕುರಿ ಉಪ್ಪು ತಾನೆ, ಊಟದ್ದಲ್ಲ ಬುಡು."

ನಾನೂ ಹಾಗೇ ಅಂದುಕೊಂಡಿದ್ದೆ. ಸಂತೆಯಿಂದ ಹೊತ್ತು ತಂದವಳೂ ನಾನೇ. ಬಿಕ್ಕಿ ಅತ್ತೆ. ಉಗಿದ. ಜೇಬನ್ನೂ ಕೊಡವಿದ. "ತಲೆ ಒಂಚೂರು ನೋಯ್ತೈತೆ, ಬತ್ತೀನಿ" ಅಂತ ಹೋದ. ತಡೆಯಬೇಕಿತ್ತು.

ಮಾರ್ಚ್ 6, ಸಂಜೆ ಆರೂವರೆ

ಕುರಿಗಳು ತಾವಾಗೇ ಹಟ್ಟಿಗೆ ಬಂದವು. ಹಿಂದೆ ಕರಿಯ. ಅವನಿಲ್ಲ. ಬಾಯಲ್ಲಿ ಉಪ್ಪಿಲ್ಲ ಅಂತ ಇವು ಅವನ ಮಾತು ಕೇಳದೆ ಬಂದಿರಬೇಕು, ಅವನು ಬೈಕೊಂಡು ಹಿಂದೆ ನಡೀತಿರಬೇಕು. ಅಷ್ಟೇ. ಪಕ್ಕದ ತೋಟದ ಏಕಾಂತಯ್ಯನವರು ನೋಡಿ ಬರ್ತೀನಿ ಅಂತ ಬೈಕಲ್ಲಿ ಹೋಗಿ ಅರ್ಧ ಗಂಟೆಯಾಯಿತು. ಸುಮ್ಮನೆ ಕೂರಲಾಗದೆ ಬರೀತಿದ್ದೇನೆ.

ಫೋನ್ ಹೊಡ್ಕೊಳ್ತಿದೆ. ಈರೇಶನ ನಂಬರೇ. ಎತ್ತಿದರೆ ಅವನ ದನಿಯೇ ಬರಲಿ, ಏಕಾಂತಯ್ಯನವರದು ಬೇಡ...