ದಾರಿ ಹೇಳುವವಳು

ಭಾನುವಾರ
ಅಂಗಡಿಯ ಮೇಲಿನ ಕೋಣೆ

ಮಹಾರಾಯ್ತಿಗೆ,

ಇತ್ತ ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಆ ಸುಳ್ಳು ಬರೆಯಲೂ ಇವತ್ತು ಕೈಯಲ್ಲಿ ತ್ರಾಣವಿಲ್ಲ.

ನೀನು ನನ್ನನ್ನು ಬಿಟ್ಟುಹೋದೆ, ನಿನ್ನ ಅಪ್ಪ ಬಿಡಲಿಲ್ಲ. “ಮನೆ ಅಳಿಯನ್ನ ಕಂಡಿದೀವಿ, ಇದೇನಯ್ಯ ಮನೆ ಮಾವ?” ಎಂದು ಪಕ್ಕದ ಬೀಗದಂಗಡಿಯವನು ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ನಮ್ಮ ಅಂಗಡಿಯ ಸೋಫಾ, ಮಂಚಗಳನ್ನು ಒಂದು ಗೀರೂ ಬೀಳದಂತೆ ಗಿರಾಕಿಯ ಮನೆಗೆ ಮುಟ್ಟಿಸುವ ಇಂಥ ಡ್ರೈವರ್ ಹುಡುಕಿದರೂ ಸಿಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಈಚೆಗೆ ಅವರಿಗೆ ದಾರಿ ಮರೆಯತೊಡಗಿತು. ಯಾರದೋ ಮಂಚ ಇನ್ಯಾರದೋ ಬಾಗಿಲಿಗೆ. ನಾನು ಜಾಣತನ ಮಾಡಿದೆ. ಉಪಗ್ರಹ ನೋಡಿ ದಾರಿ ಹೇಳುವ ಹೊಸ ಮೊಬೈಲ್ ಬಂದಿದೆಯಲ್ಲ, ಇಟ್ಟಿಗೆಯಂಥದ್ದು, ಅದನ್ನು ತಂದು ವ್ಯಾನಿನಲ್ಲಿ ಕೂರಿಸಿದೆ. ಆಕಾಶ ಕಾಣದಿದ್ದರೆ ಅದಕ್ಕೆ ಮಂಕು. ದಿನಾ ವ್ಯಾನನ್ನು ಬಯಲಿಗೆ ತಂದು, ಅದು ಕಣ್ಣು ಬಿಡುವವರೆಗೆ ಕಾಯಬೇಕು.

ಅದರೊಳಗೊಬ್ಬ ಹೆಂಗಸು ಇಂಗ್ಲಿಷಿನಲ್ಲಿ ಲೆಫ್ಟು, ರೈಟು ಅನ್ನುತ್ತಾಳೆ. ದಾರಿ ತಪ್ಪಿದರೂ ಬೈಯದೆ ಮತ್ತೆ ಹೇಳುತ್ತಾಳೆ. ಅಷ್ಟರಿಂದಲೇ ಅದು ನೀನಲ್ಲ ಎಂದು ನನಗೆ ಗೊತ್ತು. ಮಾವನವರಿಗೆ ಗೊತ್ತಾಗಲಿಲ್ಲ. ಕೋಪ ಬಂದರೆ ನೀನು ಇಂಗ್ಲಿಷಿನಲ್ಲೇ ಮಾತಾಡುವವಳಲ್ಲವೇ? “ಸಿಟ್ಟು ಇಳಿದಿಲ್ಲ ಕಣಪ್ಪಾ, ಆದ್ರೂ ಮಾತಾಡ್ತಿದಾಳೆ” ಎಂದು ಕಣ್ಣೊರೆಸಿಕೊಂಡರು. ಆಮೇಲೆ ಪ್ರತಿ ತಿರುವಿಗೂ “ಆಯ್ತು ಮಗಳೇ.” ನಾನು ತಿದ್ದಲಿಲ್ಲ. ವ್ಯಾನ್ ಓಡುತ್ತಿತ್ತಲ್ಲ.

ಹೋದ ವಾರ ಅವಳು ಲೆಫ್ಟು ಅಂದಳು. ಅಲ್ಲಿ ರಸ್ತೆಯಿರಲಿಲ್ಲ, ಶಾಲೆಯ ಗೇಟಿತ್ತು. ಇವರು ತಿರುಗಿಸಿಯೇಬಿಟ್ಟರು. ಮಕ್ಕಳು ತರಗತಿಯೊಳಗಿದ್ದರು, ಬದುಕಿದೆವು. ಕೀ ಕೊಡಿ ಎಂದರೆ, “ನನ್ನ ಮಗಳು ಹೇಳ್ತಿರೋವಾಗ ನಡುವೆ ನೀನ್ಯಾರಪ್ಪಾ?” ಅನ್ನುತ್ತಾರೆ. ಡಾಕ್ಟರು ವ್ಯಾನ್ ಓಡಿಸುವುದನ್ನು ನಿಲ್ಲಿಸಿ ಅಂದಿದ್ದಾರೆ. ನನ್ನ ಮಾತು ನಡೆಯದು, ಹೇಳಿ ಹೇಳಿ ಸುಸ್ತಾಗಿದ್ದೇನೆ. ಇನ್ನೊಂದು ಗೇಟಿನ ಹಿಂದೆ ಮಕ್ಕಳು ಇರಬಹುದು.

ನೀನೇ ಬಂದು ಒಂದು ಸಲ “ಅಪ್ಪಾ, ಸಾಕು, ನಿಲ್ಸು” ಅನ್ನಬೇಕು. ನನ್ನ ಜೊತೆ ಮಾತಾಡಬೇಡ, ಅವರ ಜೊತೆ ಮಾತಾಡು. ಇಂಗ್ಲಿಷ್ ಬೇಡ.

ಇಂತಿ,
ನಿನ್ನ ಅಪ್ಪನ ಅಳಿಯ

ತಾ.ಕ.: ಆ ಮೊಬೈಲಿನ ಚಾರ್ಜು ಮಧ್ಯಾಹ್ನಕ್ಕೇ ಮುಗಿಯುತ್ತದೆ. ನಿನ್ನೆ ವ್ಯಾನ್ ಬರಲಿಲ್ಲವೆಂದು ಹುಡುಕಿಕೊಂಡು ಹೋದರೆ, ಸೇತುವೆಯ ಬಳಿ ನಿಲ್ಲಿಸಿಕೊಂಡು ಕೂತಿದ್ದರು. “ಸುಮ್ಮನಾಗಿಬಿಟ್ಳು. ಇರು, ಮಾತಾಡ್ತಾಳೆ” ಅಂದರು. ವ್ಯಾನಿನಲ್ಲೇ ಸಿಕ್ಕಿಸುವ ಚಾರ್ಜರ್ ತಂದಿದ್ದೆ, ನನ್ನ ಜೇಬಿನಲ್ಲೇ ಇತ್ತು. ತೆಗೆಯದೆ, ನಾನೂ ಪಕ್ಕದಲ್ಲಿ ಕೂತು ಕಾದೆ.